ಚಿನ್ನುಗೆ ಸುಣ್ಣದ ತಿಳಿ ಕುಡಿಸಿದ ಮಳೆಗಾಲ

ಹೋದ ವಾರ ಪಕ್ಕದೋರು ಅವರ ಹಳೇ ಮಗ್ಗದ ಶೆಡ್ಡಿಗೆ ಸುಣ್ಣ ಹೊಡೆಸ್ತಿದ್ರು. ಈಗೆಲ್ಲಾ ಪೇಂಟು, ಸುಣ್ಣ ಯಾರು ಹೊಡೆಸ್ತಾರೆ. ಡ್ರಮ್ಮಿನ ನೀರಿಗೆ ಸುಣ್ಣದ ಕಲ್ಲು ಹಾಕಿದ್ರು, ಬುಸ್ ಅಂತ ಕುದೀತು, ಆ ವಾಸನೆ ನಮ್ಮ ಶೆಡ್ಡೊಳಗೂ ಬಂತು. ಮಗ್ಗ ಆಫ್ ಮಾಡ್ಬಿಟ್ಟು ಸುಮ್ನೆ ಕೂತ್ಕೊಂಡೆ. ಬೇರೆಯೋರಿಗೆ ಆ ವಾಸನೆ ಅಂದ್ರೆ ಹಬ್ಬ. ನಂಗೆ ಎರಡು ವರ್ಷದ ಹಿಂದಿನ ಮಳೆಗಾಲ. ನೆನೆಸ್ಕೊಂಡ್ರೇ ಸುಸ್ತಾಗುತ್ತೆ. ಒಂದ್ಸಲ ಹೇಳಿ ಮುಗಿಸ್ಬಿಡ್ತೀನಿ.

ನಮ್ಮದು ದೊಡ್ಡಬಳ್ಳಾಪುರ. ಮುಂದೆ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಹಿಂದೆ ಮನೆ. ಅಮ್ಮ, ಅಕ್ಕ ಪದ್ಮ, ಅವಳ ಗಂಡ ಗೋವಿಂದ, ಅವರ ಮಗು ಚಿನ್ನು, ನಾನು. ಅಪ್ಪ ಹೋಗಿ ತುಂಬಾ ವರ್ಷ ಆಯ್ತು. ಗೋವಿಂದ ಬೇರೆ ಯಾರೂ ಅಲ್ಲ, ಅಮ್ಮನ ಸ್ವಂತ ತಮ್ಮ. ಅಕ್ಕನ್ನ ಸೋದರಮಾವಂಗೇ ಕೊಟ್ಟಿದ್ದು. ನಮ್ಮ ಕಡೆ ಇದು ಮಾಮೂಲಿ. ಮಗಳು ಕಣ್ಮುಂದೆ ಇರ್ತಾಳೆ, ತಮ್ಮ ದೂರ ಹೋಗಲ್ಲ, ಮಗ್ಗ ಮನೇಲೇ ಉಳಿಯುತ್ತೆ ಅಂತ ಅಮ್ಮನೇ ನಿಂತು ಮಾಡ್ಸಿದ್ದು. ಅಕ್ಕ ಈಗ್ಲೂ ಗಂಡನ್ನ ಮಾವ ಅಂತಾನೇ ಕರೆಯೋದು. ನಾನೂ ಅಷ್ಟೆ.

ಆ ಮಳೆಗಾಲಕ್ಕೆ ಚಿನ್ನುಗೆ ಮೂರು ತುಂಬಿತ್ತು. ನಡೀತಿರ್ಲಿಲ್ಲ. ಕೂರಿಸಿದ್ರೆ ಒಂದ್ಕಡೆ ವಾಲೋನು. ಮಾತಿಲ್ಲ. ಕಣ್ಣಂತೂ ಹಾಲು ಕುಡಿದು ತೊಳೀದೆ ಬಿಟ್ಟ ಗಾಜಿನ ಲೋಟದ ಥರ ಮಬ್ಬು. ಮಗ್ಗ ಶುರು ಮಾಡಿದ್ರೆ ಆ ಸದ್ದಿಗೆ ಜೋರಾಗಿ ನಗೋನು. ಕರೆಂಟು ಹೋಗಿ ಮಗ್ಗ ನಿಂತ್ರೆ ಅಳೋನು. ಎಲ್ಲಾ ಮಕ್ಕಳೂ ಉಲ್ಟಾ, ಇವನೊಬ್ಬ ಹಿಂಗೆ.

ಮೊದ್ಲು ಘಾಟಿ ದೇವಸ್ಥಾನಕ್ಕೆ ಹೋಗಿ ನಾಗರಕಲ್ಲು ಇಡ್ಸಿ ಬಂದ್ವಿ. ಆಮೇಲೆ ಊರಿನ ಡಾಕ್ಟ್ರು, ಕೆಲವು ಮಕ್ಕಳು ಲೇಟು ಕಣಮ್ಮ ಅಂದ್ರು. ಒಂದು ವರ್ಷ ಲೇಟು ಅಂತಾನೇ ಕಾಯ್ದ್ವಿ. ಕೊನೆಗೆ ಕಣ್ಣಿನ ಡಾಕ್ಟ್ರೊಬ್ರು ಮಬ್ಬು ನೋಡಿ, ಇದು ಬರೀ ಕಣ್ಣಿನ ಕಾಯಿಲೆ ಅಲ್ಲ ಅಂತ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದ್ರು.

ಅಲ್ಲಿಂದ ಶುರುವಾಯ್ತು ಓಡಾಟ. ಮಾವ ಬಂದ್ರೆ ನಾಲ್ಕೂ ಮಗ್ಗ ನಿಲ್ಲುತ್ತೆ. ಅದಕ್ಕೆ ಅಕ್ಕನ ಜೊತೆ ನಾನು. ಬೆಳಗ್ಗೆ ಬಸ್ಸು, ಮಾರಸಂದ್ರ, ರಾಜಾನುಕುಂಟೆ, ಯಲಹಂಕದಲ್ಲಿ ಇಳಿದು ಇನ್ನೊಂದು ಬಸ್ಸು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬೆವರು. ಮೂರು ವರ್ಷದ ಮಗು ಹೆಗಲ ಮೇಲೆ ಕತ್ತು ಬಿಟ್ಕೊಂಡು ಬಿದ್ದಿದ್ರೆ ಎಲ್ಲರಿಗೂ ಒಂದೇ ಪ್ರಶ್ನೆ.

"ಪಾಪ, ನಿದ್ದೆ ಬಂದ್ಬಿಟ್ಟಿದ್ಯಾ?"

"ಹೂಂ," ಅಂತಿದ್ಲು ಅಕ್ಕ. ಎಷ್ಟು ಜನಕ್ಕೆ ಅಂತ ಹೇಳ್ತಾಳೆ.

ಒಂದಿನ ಒಬ್ಬಮ್ಮ ಸೀಟು ಬಿಡ್ದೆ ಕೂತ್ಕೊಂಡು, "ಇಷ್ಟು ದೊಡ್ಡೋನ್ನ ಎತ್ಕೊಂಡೇ ತಿರುಗ್ತೀಯಲ್ಲಮ್ಮ, ಇಳಿಸಿ ನಡೆಸು, ಕಾಲಿಗೆ ಶಕ್ತಿ ಬರುತ್ತೆ," ಅಂದ್ಲು.

"ನೀವು ಎದ್ದು ನಿಂತ್ಕೊಳ್ಳಿ, ನಿಮಗೂ ಬರುತ್ತೆ," ಅಂದೆ. ಅಕ್ಕ ಮೊಣಕೈಯಲ್ಲಿ ತಿವಿದ್ಲು. ಆದ್ರೆ ಯಲಹಂಕ ಬರೋವರೆಗೂ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಗ್ತಾನೇ ಇದ್ಲು. ಆ ಮಳೆಗಾಲದಲ್ಲಿ ಅವಳು ನಕ್ಕಿದ್ದು ಅದೊಂದೇ ನಂಗೆ ನೆನಪಿರೋದು.

ರಕ್ತ ತಗೊಂಡ್ರು. ಮತ್ತೆ ತಗೊಂಡ್ರು. ಜೀನು ನೋಡಕ್ಕೆ ಎಲ್ಲಿಗೋ ಕಳಿಸಿದ್ರು. ಬರೋಕೆ ವಾರಗಟ್ಟಲೆ ಆಯ್ತು. ಬಂದ ದಿನ ಡಾಕ್ಟ್ರಮ್ಮ ಬಾಗಿಲು ಹಾಕಿಸಿ ಕೂರಿಸ್ಕೊಂಡ್ರು. ವಯಸ್ಸಾದೋರಲ್ಲ. ಕನ್ನಡದಲ್ಲೇ ಮಾತಾಡಿದ್ರು. ಖಾಲಿ ಮದ್ದಿನ ರಟ್ಟಿನ ಡಬ್ಬ ಬಿಡಿಸಿ, ಅದರ ಒಳಮೈ ಮೇಲೆ ಒಂದು ದೊಡ್ಡ ಸೊನ್ನೆ ಬರೆದು, ಅದರೊಳಗೆ ಸಣ್ಣ ಸಣ್ಣ ಸೊನ್ನೆ ಬರೆದ್ರು.

"ದೊಡ್ಡದು ಜೀವಕೋಶ. ನಮ್ಮ ಮೈಯೆಲ್ಲಾ ಇದರಿಂದ್ಲೇ ಆಗಿರೋದು. ಒಳಗಿರೋ ಸಣ್ಣದು ಕಸ ಅರಗಿಸೋ ಚೀಲ. ಲೈಸೋಸೋಮ್ ಅಂತಾರೆ. ಸ್ಕೂಲಲ್ಲಿ ಓದಿರ್ತೀರ."

"ನಾನು ಏಳನೇ ಕ್ಲಾಸಿಗೇ ಬಿಟ್ಟೆ ಮೇಡಂ."

"ಸರಿ, ಈಗ ಕೇಳ್ಕೊಳ್ಳಿ. ಈ ಚೀಲದ ಗೋಡೇಲಿ ಸಣ್ಣ ಬಾಗಿಲುಗಳಿರುತ್ತೆ. ಒಂದು ಬಾಗಿಲು ಬೇಕಾದ ಹೊತ್ತಿಗೆ ತೆಗೆದು, ಒಳಗಿರೋ ಕ್ಯಾಲ್ಸಿಯಂನ ಒಂಚೂರು ಹೊರಗೆ ಬಿಡುತ್ತೆ."

"ಬಿಟ್ಟು?"

"ಅದು ಹೊರಗೆ ಬಂದಿದ್ದೇ ಸುದ್ದಿ. ಇಲ್ಲಿ ಕಸ ತುಂಬಿದೆ ಬನ್ನಿ, ಇಲ್ಲಿ ಹರಿದಿದೆ ಹೊಲೀರಿ ಅಂತ. ಸುದ್ದಿ ಮುಟ್ಟಿದ್ರೇ ಪಕ್ಕದೋರು ಕೆಲಸ ಶುರು ಮಾಡೋದು. ಇವಂಗೆ ಆ ಬಾಗಿಲೇ ಸರಿಯಾಗಿ ಆಗಿಲ್ಲ. ತೆಗಿಯಲ್ಲ. ಸುದ್ದಿ ಹೋಗಲ್ಲ, ಕಸ ಹಂಗೇ ಸೇರ್ತಾ ಹೋಗುತ್ತೆ. ಕಣ್ಣಲ್ಲೂ, ಮೆದುಳಲ್ಲೂ."

ನಂಗೆ ಮಗ್ಗ ನೆನಪಾಯ್ತು. ಅಡ್ಡ ಓಡೋ ಹೊಕ್ಕಿನ ನೂಲು ಕಡಿದ್ರೆ ಮಗ್ಗ ತಾನೇ ನಿಲ್ಲೋ ಹಂಗೆ ಒಂದು ಸಣ್ಣ ಕಬ್ಬಿಣದ ಮುಳ್ಳು ಇರುತ್ತೆ. ನೂಲಿದ್ರೆ ಮುಳ್ಳು ಮೇಲಿರುತ್ತೆ, ಕಡಿದ್ರೆ ಬೀಳುತ್ತೆ. ಅದು ಬಿದ್ದಿದ್ದೇ ಸುದ್ದಿ. ಮುಳ್ಳು ತುಕ್ಕು ಹಿಡ್ಕೊಂಡು ಬೀಳ್ದೇ ಇದ್ರೆ ಮಗ್ಗಕ್ಕೆ ಗೊತ್ತೇ ಆಗಲ್ಲ. ನೂಲಿಲ್ದೆ ಲಾಳಿ ಓಡ್ತಾನೇ ಇರುತ್ತೆ, ಸೀರೆ ಬರೀ ಜಾಲರಿ ಆಗೋಗುತ್ತೆ. ಮಗ್ಗಕ್ಕಾದ್ರೆ ಬೇರೆ ಮುಳ್ಳು ಹಾಕ್ತೀವಿ.

"ಇದಕ್ಕೆ ಮದ್ದು?" ಅಂತ ಅಕ್ಕ ಕೇಳಿದ್ಲು.

"ಬಾಗಿಲು ತೆಗೆಸೋ ಮದ್ದು ಇನ್ನೂ ಬಂದಿಲ್ಲಮ್ಮ. ಹುಡುಕ್ತಾ ಇದಾರೆ. ನಾವು ಮಾಡೋದು ಇರೋ ಶಕ್ತಿ ಉಳಿಸ್ಕೊಳೋದು. ಕೈಕಾಲಿಗೆ ವ್ಯಾಯಾಮ. ಆಮೇಲೆ ರಕ್ತ. ಹೊಟ್ಟೇಲಿ ಹುಳಿ, ಅಂದ್ರೆ ಆಸಿಡ್, ಊರೋದಕ್ಕೂ ಅದೇ ಬಾಗಿಲು ಬೇಕು. ಇವನ ಹೊಟ್ಟೇಲಿ ಹುಳಿ ಸರಿಯಾಗಿ ಊರಲ್ಲ. ಹುಳಿ ಇಲ್ದೇ ಇದ್ರೆ ಕಬ್ಬಿಣದ ಅಂಶ ಮೈಗೆ ಹತ್ತಲ್ಲ. ಅದಕ್ಕೇ ಇಷ್ಟು ಬಿಳಿಚ್ಕೊಂಡಿರೋದು. ಐರನ್ ಟಾನಿಕ್ ಕೊಡ್ತೀನಿ. ನಾನು ಹೇಳಿದ್ದು ಬಿಟ್ಟು ಇನ್ನೇನೂ ಕೊಡ್ಬೇಡಿ."

ಆಮೇಲೆ ಮೆತ್ತಗೆ ಕೇಳಿದ್ರು, "ಸಂಬಂಧದಲ್ಲಿ ಮದುವೇನಾ?"

ಅಕ್ಕ ತಲೆ ಆಡಿಸಿದ್ಲು. ಗಂಡ ಹೆಂಡ್ತಿ ಇಬ್ಬರತ್ರನೂ ಕೆಟ್ಟ ಜೀನು ಒಂದೊಂದು ಇದೆ, ಒಂದಿದ್ರೆ ಏನೂ ಆಗಲ್ಲ, ಎರಡೂ ಮಗೂಗೆ ಬಂದಿದೆ, ಇದು ಯಾರ ತಪ್ಪೂ ಅಲ್ಲ ಅಂದ್ರು. ಅಕ್ಕ ಸೊನ್ನೆ ಬರೆದಿದ್ದ ಆ ಡಬ್ಬನೇ ನೋಡ್ತಾ ಇದ್ಲು.

ಬಸ್‌ಸ್ಟಾಪಲ್ಲಿ ಮಾವನ ಫೋನು. ಹಿಂದ್ಗಡೆ ಮಗ್ಗದ ಸದ್ದು, ಕಿರುಚ್ಕೊಂಡೇ ಮಾತಾಡ್ತಿದ್ದ. ಅಕ್ಕ ಆಟೋ ಹಾರನ್ನು, ಮಳೆ ಮಧ್ಯೆ ಅವಳಿಗೆ ತಿಳಿದಷ್ಟು ಹೇಳಿದ್ಲು. ಒಂದು ಬಾಗಿಲು, ಕ್ಯಾಲ್ಸಿಯಂ ಹೊರಗೆ ಬರ್ತಿಲ್ಲ, ಮದ್ದಿಲ್ಲ. ಹೇಳಿ ಅತ್ಲು. ಅಳೋಳತ್ರ ಮಾವ ಇನ್ನೇನು ಕೇಳ್ತಾನೆ. ಅವನು ಒಳಗೆ ಹೋಗಿ ಅಮ್ಮಂಗೆ ಹೇಳಿದ. ಅಮ್ಮ ಬೀದಿಗೆ ಹೇಳಿದ್ಲು. ನಾವು ಮನೆ ಮುಟ್ಟೋ ಹೊತ್ತಿಗೆ ಬೀದಿಗೆಲ್ಲಾ ಗೊತ್ತಾಗೋಗಿತ್ತು, ಚಿನ್ನುಗೆ ಕ್ಯಾಲ್ಸಿಯಂ ಕಮ್ಮಿ ಅಂತೆ ಅಂತ.

ಎಲ್ಲರ ಮುಖದಲ್ಲೂ ಒಂಥರಾ ಖುಷಿ. ಇಷ್ಟೇನಾ ಅಂತ.

ಎದುರು ಮನೆ ನಂಜಮ್ಮಜ್ಜಿ ಜಗಲಿ ಮೇಲೇ ಕೂತಿದ್ದೋಳು, "ಅಯ್ಯೋ, ಇದಕ್ಕಾ ಬೆಂಗಳೂರಿಗೆ ಓಡಾಡಿದ್ದು? ನನ್ನ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ," ಅಂದ್ಲು.

"ಕಮ್ಮಿ ಅಲ್ಲ ಕಣಜ್ಜಿ. ಇದೆ. ಚೀಲದೊಳಗೆ ಸಿಕ್ಕಾಕೊಂಡಿದೆ. ಬಾಗಿಲು ತೆಗೀತಿಲ್ಲ."

"ನೀನು ಸುಮ್ನಿರಪ್ಪ, ಸ್ಕೂಲು ಬಿಟ್ಟೋನು."

ಮಾರನೇ ದಿನದಿಂದ ನಮ್ಮನೆಗೆ ಸಾಲು. ಒಬ್ಬರು ರಾಗಿ ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿ ತಂದ್ರು. ಒಬ್ಬರು ಎಳ್ಳುಂಡೆ. ಒಬ್ಬರು ದಿನಾ ನುಗ್ಗೆಸೊಪ್ಪು. ಹೇಳ್ಬೇಕು ಅಂದ್ರೆ ಆ ಬೀದಿ ಜನ ಯಾರೂ ಕೆಟ್ಟೋರಲ್ಲ. ಡಾಕ್ಟ್ರು ಬೇಡ ಅಂದಿದಾರೆ ಅಂತ ಅಕ್ಕ ಎಲ್ಲರಿಗೂ ಹೇಳಿದ್ಲು. ಅವರು ತಲೆ ಆಡಿಸಿ ಪಾತ್ರೆ ಅಲ್ಲೇ ಇಟ್ಟು ಹೋಗೋರು.

ಅಮ್ಮಂಗೆ ಕೂರಿಸಿ ಎಲ್ಲಾ ಹೇಳಿದ್ವಿ. ಸಂಬಂಧದ ಮಾತು ಬಂದಾಗ ಅವಳು ಎದ್ದೇಬಿಟ್ಲು. "ನಮ್ಮಜ್ಜಿ ಮದುವೆ ಆಗಿದ್ದು ಅಂಗೇ, ನಮ್ಮಮ್ಮ ಆಗಿದ್ದೂ ಅಂಗೇ. ಯಾರಿಗೆ ಏನಾಗಿದೆ?" ಅಂತ ಅಡಿಗೆಮನೆಗೆ ಹೋದ್ಲು.

ಮಳೆ ಬಿಡ್ಲಿಲ್ಲ. ನೂಲು ತೇವ ಆಗಿ ಕಡಿಯೋದು, ಮಧ್ಯಾಹ್ನ ಕರೆಂಟು ಹೋಗೋದು. ಗೌರಿ ಹಬ್ಬದ ಸೀರೆ ಕೊಡ್ಬೇಕಿತ್ತು. ಅಕ್ಕ ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತೋಳು, ನಾನೂ ಮಾವನೂ ಎರಡೆರಡು ಮಗ್ಗ ನೋಡ್ಕೊಳೋರು. ಚಿನ್ನು ಹಗಲೆಲ್ಲಾ ಅಮ್ಮನ ಹತ್ರ. ಬೇರೆ ದಾರಿ ಇರ್ಲಿಲ್ಲ. ಸಾಯಂಕಾಲ ಅಕ್ಕ ಕೈ ತೊಳ್ಕೊಂಡು ಬಂದು ಕಾಲು ಮಡಿಸಿ ಚಾಚಿ ವ್ಯಾಯಾಮ ಮಾಡ್ಸೋಳು. ಟಾನಿಕ್ ಅವಳೇ ಹಾಕೋಳು, ಬೆಳಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ.

ಟಾನಿಕ್ ಬಾಟ್ಲಿ ಖಾಲಿ ಆಗ್ತಾ ಹೋಯ್ತು, ಚಿನ್ನು ಇನ್ನೂ ಬಿಳಿಚ್ಕೊಂಡ. ಉಗುರು ಕಾಗದದ ಥರ. ಮಗ್ಗ ಶುರುವಾದ್ರೂ ನಗೋದು ಬಿಟ್ಟ. ಒಂದಿನ ಹಾಲು ಕುಡಿಯಕ್ಕೂ ಉಸಿರು ಸಾಲ್ದೆ ಎದೆ ಬಡ್ಕೊಳ್ತಿತ್ತು. ಟವೆಲಲ್ಲಿ ಸುತ್ಕೊಂಡು ಓಡಿದ್ವಿ. ರಕ್ತ ತೀರಾ ಇಳಿದೋಗಿತ್ತು. ಅಡ್ಮಿಟ್ ಮಾಡ್ಕೊಂಡು ರಕ್ತ ಏರಿಸಿದ್ರು. ಕೂದಲೆಳೆಯಂಥ ನರಕ್ಕೆ ಸೂಜಿ ಸಿಗ್ದೆ ಕೈಯಲ್ಲಿ, ಕಾಲಲ್ಲಿ, ಕೊನೆಗೆ ತಲೇಲಿ ಚುಚ್ಚಿದ್ರು. ಅಕ್ಕ ಅವನ ಕಾಲು ಹಿಡ್ಕೊಂಡಿದ್ಲು. ನಾನು ಗೋಡೆ ನೋಡ್ತಿದ್ದೆ.

"ಟಾನಿಕ್ ಜೊತೆ ಬೇರೆ ಏನಾದ್ರೂ ಕೊಡ್ತಿದೀರಾ?" ಅಂತ ಡಾಕ್ಟ್ರಮ್ಮ ಕೇಳಿದ್ರು.

"ಏನೂ ಇಲ್ಲ ಮೇಡಂ," ಅಂದ್ಲು ಅಕ್ಕ.

ಮನೆಗೆ ವಾಪಸ್ ಬಂದು ಒಂದು ವಾರ ಆಗಿರ್ಬೇಕು. ಮಧ್ಯಾಹ್ನ ಕರೆಂಟು ಹೋಯ್ತು. ನಮ್ಮೂರಲ್ಲಿ ಕರೆಂಟು ಹೋದ್ರೆ ಎಲ್ಲಾ ಮಗ್ಗ ಒಟ್ಟಿಗೆ ನಿಂತು, ಯಾರೋ ಕಿವಿ ಮುಚ್ಚಿದ ಹಂಗಾಗುತ್ತೆ. ನೀರು ಕುಡಿಯಣ ಅಂತ ಒಳಗೆ ಹೋದೆ. ಅಮ್ಮ ಗೋಡೆಗೆ ಒರಗಿ ಚಿನ್ನುನ ತೊಡೆ ಮೇಲೆ ಹಾಕ್ಕೊಂಡಿದ್ಲು. ಕೈಯಲ್ಲಿ ಮಕ್ಕಳಿಗೆ ಹಾಲು ಕುಡಿಸೋ ಒಳಲೆ. ಪಕ್ಕದಲ್ಲಿ ಮಜ್ಜಿಗೆ, ಮೆಡಿಕಲ್ ಸ್ಟೋರಿನ ಕ್ಯಾಲ್ಸಿಯಂ ಸಿರಪ್ಪು, ಆಮೇಲೆ ಒಂದು ಚೊಂಬು. ಚೊಂಬಿಂದ ಸುಣ್ಣದ ವಾಸನೆ. ಸುಣ್ಣ ನೀರಲ್ಲಿ ಕದಡಿ, ರಾತ್ರಿ ಇಟ್ಟು, ಮೇಲಿನ ತಿಳಿ ತೆಗೆದು ಮಜ್ಜಿಗೆಗೆ ಹಾಕಿ ಕುಡಿಸ್ತಿದ್ಲು.

"ಏನಮ್ಮ ಇದು?"

"ಕೂಗಾಡ್ಬೇಡ, ಬೆಚ್ಚಿ ಬೀಳ್ತಾನೆ."

"ಯಾವತ್ತಿಂದ?"

ಅವಳು ಒಳಲೆ ಇಳಿಸ್ಲಿಲ್ಲ. "ಟಾನಿಕ್ ತಂದಾಗಿಂದ್ಲೇ. ನೀವೆಲ್ಲಾ ಕೈ ಕಟ್ಕೊಂಡು ಕೂತಿದೀರ. ಮದ್ದಿಲ್ಲ ಅಂತಾರಂತೆ, ಸುಮ್ನೆ ನೋಡ್ಕೊಂಡಿರಿ ಅಂತಾರಂತೆ. ಬಾಗಿಲು ತೆಗೀತಿಲ್ಲ ಅಂದ್ಯಲ್ಲ ನೀನೇ. ಒಳಗೆ ಜಾಸ್ತಿ ತುಂಬಿದ್ರೆ ತಳ್ಕೊಂಡಾದ್ರೂ ಬರುತ್ತೆ ಅಂದ್ಕೊಂಡೆ ಕಣೋ."

ರೇಷನ್ ಕೊಡೋ ಸೊಸೈಟಿ ಅಂಗಡಿ ಬಾಗಿಲಿಗೆ ಜನ ನುಗ್ಗೋ ಥರ ಅಂದ್ಕೊಂಡಿದ್ಲು. ಅವಳ ಲೆಕ್ಕದಲ್ಲಿ ಅದು ಸರಿಯಾಗೇ ಇತ್ತು. ಅಷ್ಟ್ರಲ್ಲಿ ಅಕ್ಕ ಹಿಂದೆ ಬಂದು ನಿಂತಿದ್ಲು.

ಅಕ್ಕ ಫೋನಲ್ಲಿ ಡಾಕ್ಟ್ರಮ್ಮನ ಕೇಳಿದ್ಲು. ಕ್ಯಾಲ್ಸಿಯಂ ಕೊಟ್ರೆ ಕಬ್ಬಿಣದ ಅಂಶ ಹತ್ತೋದು ಇನ್ನೂ ಕಷ್ಟ ಆಗುತ್ತೆ, ಸುಣ್ಣ ಅಂತೂ ಮುಟ್ಟಲೇಬೇಡಿ, ಗಂಟಲು ಸುಡುತ್ತೆ ಅಂದ್ರು. ಬರೀ ಅದರಿಂದ್ಲೇ ರಕ್ತ ಇಳೀತು ಅಂತ ಹೇಳಕ್ಕಾಗಲ್ಲ, ಟಾನಿಕ್ ಹೆಂಗಿದ್ರೂ ಅವಂಗೆ ಸರಿಯಾಗಿ ಹತ್ತಲ್ಲ ಅಂತನೂ ಅಂದ್ರು. ಸ್ಪೀಕರ್ ಹಾಕಿತ್ತು, ನಾನೂ ಕೇಳಿಸ್ಕೊಂಡೆ. ಆ ಎರಡನೇ ಮಾತು ಅಕ್ಕನ ಕಿವಿಗೆ ಹೋಗ್ಲೇ ಇಲ್ಲ.

"ನನ್ನ ಮಗೂನ ಸಾಯಿಸ್ತಿದ್ದೆ ನೀನು," ಅಂದ್ಲು ಅಮ್ಮಂಗೆ. ಅಮ್ಮ ಚೊಂಬು ಎತ್ಕೊಂಡು ಹೋಗಿ ಬಚ್ಚಲಿಗೆ ಸುರಿದ್ಲು.

ಅಕ್ಕ ಬ್ಯಾಗಿಗೆ ಬಟ್ಟೆ ತುಂಬಿದ್ಲು. ಮಗೂನ ಎತ್ಕೊಂಡು ಬಾಗಿಲವರೆಗೆ ಬಂದ್ಲು. ಅಲ್ಲೇ ನಿಂತ್ಲು. ಬೇರೆ ಹೆಂಗಸರು ಗಂಡನ ಮನೇಲಿ ಜಗಳ ಆದ್ರೆ ತವರಿಗೆ ಹೋಗ್ತಾರೆ. ಇವಳಿಗೆ ತವರೂ ಇದೇ, ಗಂಡನ ಮನೇನೂ ಇದೇ. ಮುನಿಸ್ಕೊಂಡು ಹೋಗಕ್ಕೆ ಇನ್ನೊಂದು ಮನೆ ಇರ್ಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡ್ತಾ ನಿಂತಿದ್ದು, ಬ್ಯಾಗು ಶೆಡ್ಡೊಳಗೆ ಎಸೆದ್ಲು. ಕಂಡಿಕೆ ಸುತ್ತೋ ಮಿಷಿನ್ ಪಕ್ಕ ಕಂಬಕ್ಕೆ ಹಳೇ ಸೀರೆ ಕಟ್ಟಿ ಜೋಲಿ ಮಾಡಿ ಚಿನ್ನುನ ಅದರಲ್ಲಿ ಮಲಗಿಸಿದ್ಲು.

ಅವತ್ತಿಂದ ಅಮ್ಮಂಗೆ ಮಗು ಮುಟ್ಟಕ್ಕೆ ಬಿಡ್ಲಿಲ್ಲ. ಹಗಲೆಲ್ಲಾ ಚಿನ್ನು ಶೆಡ್ಡಲ್ಲೇ. ಹತ್ತಿ ಧೂಳು, ಎಣ್ಣೆ ವಾಸನೆ. ಕೆಮ್ಮು ಹತ್ಕೊಂತು. ಅಕ್ಕ ಒಂದು ಕಂಡಿಕೆ ಸುತ್ತೋದು, ಒಂದ್ಸಲ ಜೋಲಿ ನೋಡೋದು. ನೂಲು ಕಡಿಯೋದು. ಮಾವಂಗೆ ಅಲ್ಲಿ ಅಕ್ಕಂಗೂ ಹೇಳಕ್ಕಾಗಲ್ಲ, ಇಲ್ಲಿ ಅಮ್ಮಂಗೂ ಹೇಳಕ್ಕಾಗಲ್ಲ. ಒಬ್ಬಳು ಹೆಂಡ್ತಿ, ಇನ್ನೊಬ್ಬಳು ತಾಯಿ ಥರ ಸಾಕಿದ ಅಕ್ಕ.

"ಲೇ ಸೀನ, ಏನಾದ್ರೂ ಮಾಡೋ. ಮಗು ಕೆಮ್ಮೀ ಕೆಮ್ಮೀ ಸುಸ್ತಾಗ್ತಿದೆ. ಒಳಗೆ ಮಲಗಿಸಿದ್ರೆ ನೋಡ್ಕೊಳೋರು ಬೇಕು. ನಿಮ್ಮಮ್ಮನ್ನ ಬಿಟ್ರೆ ಯಾರಿದಾರೆ?" ಅಂದ ಮಾವ.

"ನೀನೇ ಹೇಳು ನಿನ್ನ ಹೆಂಡ್ತಿಗೆ."

"ನನ್ನ ಹೆಂಡ್ತಿಗಿಂತ ಮೊದ್ಲು ನಿನ್ನ ಅಕ್ಕ ಕಣೋ ಅವಳು."

ಹಿಂಗೇ ತಳ್ಳಾಡ್ಕೊಂಡು ಹದಿನೈದು ಇಪ್ಪತ್ತು ದಿನ ಹೋಯ್ತು. ಅಮ್ಮ ಅಡಿಗೆ ಮಾಡಿ ಮುಚ್ಚಿಟ್ಟು ಹಿತ್ತಲಲ್ಲಿ ಕೂರೋಳು. ಡಾಕ್ಟ್ರಮ್ಮ ಈಗ ಟಾನಿಕ್ ನಿಲ್ಲಿಸಿ, ಕಬ್ಬಿಣದ ಅಂಶನ ನೇರವಾಗಿ ನರಕ್ಕೇ ಡ್ರಿಪ್ಪಲ್ಲಿ ಹಾಕ್ತಿದ್ರು. ಹೊಟ್ಟೆ ಗೊಡವೆನೇ ಇಲ್ಲ. ಅದರಿಂದ ಚಿನ್ನು ತುಟಿಗೆ ಸ್ವಲ್ಪ ಬಣ್ಣ ಬಂತು. ಅದು ವಾಸಿ ಆಗಿದ್ದಲ್ಲ. ಈಗ ಅವಂಗೆ ಐದು. ಈಗ್ಲೂ ನಡಿಯಲ್ಲ, ಕಣ್ಣು ಇನ್ನೂ ಮಬ್ಬಾಗಿದೆ. ಆದ್ರೆ ಆವಾಗ ನಮಗೆ ಆ ಬಣ್ಣನೇ ಸಾಕಾಗಿತ್ತು.

ಒಂದು ಸೋಮವಾರ ರಿಪೋರ್ಟ್ ತರೋದಿತ್ತು. ಮಗು ಬೇಕಾಗಿರ್ಲಿಲ್ಲ. ನಾನು ಅಮ್ಮಂಗೆ ಸೀರೆ ಬದಲಾಯಿಸು ಅಂದೆ.

"ನಾನ್ಯಾಕೆ?"

"ನಾವು ಹೇಳಿದ್ದು ನಿಂಗೆ ಅರ್ಥ ಆಗ್ಲಿಲ್ಲ. ಅವರ ಬಾಯಿಂದಲೇ ಕೇಳು. ಬಾ."

ಬಸ್ಸಲ್ಲಿ ಅಮ್ಮ, ಡಾಕ್ಟ್ರಮ್ಮ ಬೈತಾರೆ ಅಂತ ಸೆರಗು ಬಿಗಿಯಾಗಿ ಹೊದ್ಕೊಂಡು ಕೂತಿದ್ಲು. ಅವರು ಬೈಲಿಲ್ಲ. ಮತ್ತೆ ಸೊನ್ನೆ ಬರೆದ್ರು, ಚೀಲ, ಬಾಗಿಲು, ಸುದ್ದಿ.

"ಮೈಯಲ್ಲಿ ಎರಡು ಥರ ಕೆಲಸಕ್ಕೆ ಕ್ಯಾಲ್ಸಿಯಂ ಇದೆ ಅಂದ್ಕೊಳ್ಳಿ ಅಮ್ಮ. ಮೂಳೆಗೆ ಬೇಕಾಗಿದ್ದು ಊಟದಿಂದ ಬರುತ್ತೆ. ಅದು ಇವಂಗೆ ಸಾಕಷ್ಟಿದೆ. ಇಲ್ಲಿರೋದು ಕೂಗಿ ಕರೆಯೋ ಕೆಲಸಕ್ಕೆ. ಬಾಯಿಗೆ ಎಷ್ಟು ಹಾಕಿದ್ರೂ ಈ ಬಾಗಿಲು ತೆಗಿಯಲ್ಲ. ತಳ್ಳಿದ್ರೂ ತೆಗಿಯಲ್ಲ."

ಅಮ್ಮ ಸೊನ್ನೆ ಮೇಲೆ ಬೆರಳಾಡಿಸಿದ್ಲು. ಆಮೇಲೆ ಕೇಳಿದ್ಲು, "ಈ ಬಾಗಿಲು ಕೆಟ್ಟಿದ್ದು ಯಾರ ಕಡೆಯಿಂದ ಬಂತು ಡಾಕ್ಟ್ರೇ?"

"ಎರಡೂ ಕಡೆಯಿಂದ ಅಮ್ಮ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಅದಕ್ಕೇ ಯಾರನ್ನೂ ದೂರೋ ಹಂಗಿಲ್ಲ."

"ಎರಡೂ ಕಡೆ ನಂದೇ ಅಲ್ವಾ," ಅಂದ್ಲು ಅಮ್ಮ. "ಅವನು ನನ್ನ ತಮ್ಮ. ಅವಳು ನನ್ನ ಮಗಳು."

ಡಾಕ್ಟ್ರಮ್ಮ ಪೆನ್ನಿನ ಮುಚ್ಚಳ ಹಾಕಿದ್ರು, ತೆಗೆದ್ರು. ನೀರಿನ ಬಾಟ್ಲಿ ಅಮ್ಮನ ಮುಂದೆ ಸರಿಸಿದ್ರು. ಅಮ್ಮ ಕುಡೀಲಿಲ್ಲ.

ವಾಪಸ್ ಬರ್ತಾ ಕಿಟಕಿ ಪಕ್ಕ ಕೂತ್ಕೊಂಡ್ಲು. ರಾಜಾನುಕುಂಟೆ ದಾಟಿದ ಮೇಲೆ ಒಂದೇ ಮಾತು ಅಂದಿದ್ದು. "ಮದುವೆ ದಿನ ನಾನೆಷ್ಟು ಖುಷಿಯಾಗಿದ್ದೆ ಗೊತ್ತೇನೋ." ನಾನು ಹೂಂ ಅಂದೆ.

ಮನೆಗೆ ಬಂದಾಗ ನಾಲ್ಕು ಮಗ್ಗನೂ ಓಡ್ತಿತ್ತು. ಅಮ್ಮ ಚಪ್ಪಲಿ ಬಿಟ್ಟು ಸೀದಾ ಶೆಡ್ಡೊಳಗೆ ಹೋಗಿ ಅಕ್ಕನ ಮುಂದೆ ನಿಂತ್ಲು. ಬಾಯಿ ಆಡಿಸಿದ್ಲು, ಸದ್ದಲ್ಲಿ ಏನೂ ಕೇಳಿಸ್ಲಿಲ್ಲ. ಅಕ್ಕ ತಲೆ ಎತ್ತಲಿಲ್ಲ. ಮಾವ ನೋಡ್ದ. ಒಂದೊಂದೇ ಸ್ವಿಚ್ ಆಫ್ ಮಾಡ್ಕೊಂಡು ಬಂದ. ನಾಲ್ಕೂ ನಿಂತ್ವು. ಜೋಲಿಯೊಳಗೆ ಚಿನ್ನು ಅಳಕ್ಕೆ ಶುರು ಮಾಡಿದ.

"ಬಾಯಿಗೆ ಏನು ಹಾಕೋದಿದ್ರೂ ನೀನೇ ಹಾಕು ಪದ್ಮಿ," ಅಂದ್ಲು ಅಮ್ಮ. "ಒಂದು ತೊಟ್ಟು ನೀರೂ ನಾನು ಹಾಕಲ್ಲ. ಎತ್ಕೊಂಡಿರ್ತೀನಿ ಅಷ್ಟೆ. ಅಷ್ಟು ಕೊಡು."

ಅಕ್ಕ ಕಂಡಿಕೆ ಕಡ್ಡಿ ಹಿಡ್ಕೊಂಡೇ ಕೂತಿದ್ಲು. ಚಿನ್ನು ಅತ್ತು ಅತ್ತು ಕೆಮ್ಮು ಬಂತು. ಮಾವ ಮುಂದೆ ಹೆಜ್ಜೆ ಇಟ್ಟ. ಅಕ್ಕ ಕೈ ಅಡ್ಡ ಹಿಡಿದು, ತಾನೇ ಎದ್ದು, ಜೋಲಿ ಬಿಡಿಸಿ ಮಗೂನ ಎತ್ಕೊಂಡ್ಲು. ಮೈಮೇಲಿದ್ದ ಹತ್ತಿ ಧೂಳು ಒರೆಸಿದ್ಲು. ಒರೆಸ್ತಾನೇ ಇದ್ಲು, ಇಲ್ದೇ ಇರೋ ಧೂಳೂ ಒರೆಸಿದ್ಲು.

ಆಮೇಲೆ ಅಮ್ಮನ ಮುಖ ನೋಡ್ದೆ ಕೈಗೆ ಕೊಟ್ಲು.

"ಕತ್ತಿನ ಕೆಳಗೆ ಕೈ ಇಡು. ಮೊದಲಿಗಿಂತ ಭಾರ ಆಗಿದಾನೆ."

ಅಮ್ಮ ಕೈ ಕೊಟ್ಟು ಒಂದ್ಸಲ ಎತ್ತಿ ಇಳಿಸಿ ನೋಡಿದ್ಲು.

"ಹೂಂ ಕಣೇ. ಆಗಿದಾನೆ," ಅಂದ್ಲು.